ಅಣುವಿನ ಗುರುತು ಹಿಡಿಯುವ ಎನ್‌ಎಂಆರ್

ಫ್ಲಾಸ್ಕಿನಲ್ಲಿ ತಯಾರಾದದ್ದು ನಾವು ಬಯಸಿದ ವಸ್ತುವೇ? ರಸಾಯನ ವಿಜ್ಞಾನದ ಪ್ರತಿ ಸಂಶೋಧನಾ ವಿದ್ಯಾರ್ಥಿಯನ್ನೂ ಕಾಡುವ ಪ್ರಶ್ನೆಯಿದು. ಇದಕ್ಕೆ ಖಚಿತ ಉತ್ತರ ಕೊಡುವ ಉಪಕರಣಗಳಲ್ಲಿ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನನ್ಸ್) ಸ್ಪೆಕ್ಟ್ರೋಮೀಟರ್‌ಗೆ ಅಗ್ರಸ್ಥಾನ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1977ರಲ್ಲಿ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಇದಕ್ಕೆಂದೇ ಒಂದು ಕೇಂದ್ರ ಶುರುವಾಯಿತು. 270 ಮೆಗಾಹರ್ಟ್ಸ್ ಯಂತ್ರದಿಂದ ಹೊರಟ ಅದು ಇಂದು 800 ಮೆಗಾಹರ್ಟ್ಸ್‌ವರೆಗೆ ಬೆಳೆದು, ಎನ್‌ಎಂಆರ್ ಸಂಶೋಧನಾ ಕೇಂದ್ರ ಎನಿಸಿಕೊಂಡಿದೆ. ಹೊರಗಿನವರ ಸ್ಯಾಂಪಲ್‌ಗಳನ್ನೂ ಪರೀಕ್ಷಿಸಿಕೊಡುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇಂಥ ಸೌಲಭ್ಯವಿದೆ.

ಕೆಲಸದ ಬಗೆ ನೋಡಿ. 5 ಮಿಲಿಮೀಟರ್ ದಪ್ಪದ ಗಾಜಿನ ನಳಿಕೆಯಲ್ಲಿ ಕೆಲವೇ ಮಿಲಿಗ್ರಾಂ ಈಥೈಲ್ ಅಸಿಟೇಟ್; ಅದನ್ನು ಕರಗಿಸಲು ಡ್ಯುಟೀರಿಯಂ ಇರುವ ಕ್ಲೋರೋಫಾರ್ಮ್. ನಳಿಕೆ ಗಾಳಿಯ ಮೇಲೆ ತೇಲುತ್ತ ಅಯಸ್ಕಾಂತದೊಳಕ್ಕೆ ಇಳಿಯುತ್ತದೆ. ಕೆಲ ನಿಮಿಷಗಳಲ್ಲಿ ಪರದೆಯ ಮೇಲೆ 1.26, 2.05, 4.12 ಪಿಪಿಎಂ ಬಳಿ ಮೂರು ಗುರುತುಗಳು. ಅವುಗಳ ವಿಸ್ತೀರ್ಣ 3:3:2. ಯಾವ ಹೈಡ್ರೋಜನ್ ಯಾವುದರ ಪಕ್ಕದಲ್ಲಿದೆ ಎಂಬುದನ್ನು ವಿದ್ಯಾರ್ಥಿ ತಾನೇ ಓದಿಕೊಳ್ಳಬಲ್ಲ.

ಯಂತ್ರದ ಮೆಗಾಹರ್ಟ್ಸ್ ಸೂಚಿಸುವ ಅಯಸ್ಕಾಂತದ ಬಲ ಹೆಚ್ಚಿದಷ್ಟೂ ಒಂದರ ಮೇಲೊಂದು ಬಿದ್ದ ಗುರುತುಗಳು ಬಿಡಿಬಿಡಿಯಾಗುತ್ತವೆ. ಹಾಗೆಂದು ಮೇಲ್ದರ್ಜೆಗೇರಿಸಲು ಪ್ರತಿಸಲವೂ ಹೊಸ ಯಂತ್ರವೇ ಬೇಕೆಂದಿಲ್ಲ. ಚೆನ್ನಾಗಿ ನೋಡಿಕೊಂಡ ಅಯಸ್ಕಾಂತ ದಶಕಗಳ ಕಾಲ ಬಾಳುತ್ತದೆ. ಬೇಗ ಹಳತಾಗುವುದು ಎಲೆಕ್ಟ್ರಾನಿಕ್ಸ್. ಕನ್ಸೋಲ್, ಪ್ರೋಬ್, ಕಂಪ್ಯೂಟರ್ ಬದಲಿಸಿದರೆ ಹಳೆಯ ಅಯಸ್ಕಾಂತವೇ ಹೊಸ ಕೆಲಸಕ್ಕೆ ಸಿದ್ಧ. ಬೋಧನೆಗಾದರೆ ಮೇಜಿನ ಮೇಲಿಡುವ 60 ಮೆಗಾಹರ್ಟ್ಸ್ ಯಂತ್ರವೂ ಸಾಕು. ಅದಕ್ಕೆ ಶಾಶ್ವತ ಅಯಸ್ಕಾಂತವಿರುವುದರಿಂದ ತಂಪಾಗಿಡಲು ದ್ರವ ಹೀಲಿಯಂ ಬೇಕಿಲ್ಲ.

ದೊಡ್ಡ ಯಂತ್ರದ ಖರ್ಚು ಖರೀದಿಗೇ ಮುಗಿಯುವುದಿಲ್ಲ. ಅದರ ಅತಿವಾಹಕ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲೇ ಮುಳುಗಿರಬೇಕು. ಹೀಲಿಯಂ ಮಟ್ಟ ತೀರಾ ಕುಸಿದರೆ ಸುರುಳಿ ಬಿಸಿಯಾಗಿ, ಉಳಿದ ದ್ರವವೂ ಕುದಿದು ಆವಿಯಾಗಿ, ಅಯಸ್ಕಾಂತ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ.

2000ದಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಫಿಸ್ಟ್’ ಯೋಜನೆಯಂಥ ಅನುದಾನಗಳು ಉಪಕರಣ ಕೊಳ್ಳಲು ಆಸರೆಯಾಗುತ್ತವೆ. ಆದರೆ ವಿಶ್ವವಿದ್ಯಾಲಯಗಳು ಅರ್ಜಿ ಬರೆಯುವಾಗಲೇ ಹೀಲಿಯಂ, ವಾರ್ಷಿಕ ನಿರ್ವಹಣೆ ಮತ್ತು ಕಾಯಂ ತಂತ್ರಜ್ಞರ ವೆಚ್ಚಕ್ಕೂ ದಾರಿ ಮಾಡಿಕೊಳ್ಳಬೇಕು. ಎಂ.ಎಸ್ಸಿ. ವೇಳಾಪಟ್ಟಿಯಲ್ಲಿ ಯಂತ್ರದ ಮುಂದೆ ಕೂರುವ ಗಂಟೆಗಳನ್ನೂ ಮೀಸಲಿಡಬೇಕು. ವಿದ್ಯಾರ್ಥಿಯ ಕೈಗೆ ಸಿಗದ ಯಂತ್ರ ಎಷ್ಟು ಹೊಸದಾದರೂ ವಿಭಾಗ ಮೇಲ್ದರ್ಜೆಗೇರಿದಂತಾಗುವುದಿಲ್ಲ.