ಚೀನಾ–ಜಪಾನಿನ ಹಳೆಯ ಪಿಂಗಾಣಿ ಮತ್ತು ಅಚ್ಚುಚಿತ್ರ: ಮುದ್ರೆಯೊಂದನ್ನೇ ನಂಬಬಹುದೇ?

ಉಪ್ಪಿನಕಾಯಿಯ ಭರಣಿಯನ್ನೂ ಚಹಾದ ಬಟ್ಟಲನ್ನೂ ನಾವು ಪಿಂಗಾಣಿ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಸಂಗ್ರಾಹಕರು ಪಿಂಗಾಣಿ ಎನ್ನುವುದು ಇನ್ನೂ ನವಿರಾದ ವಸ್ತುವನ್ನು. ಕೆಯೋಲಿನ್ ಎಂಬ ಬಿಳಿ ಜೇಡಿಮಣ್ಣಿಗೆ ಒಂದು ಬಗೆಯ ಕಲ್ಲಿನ ಹುಡಿಯನ್ನು ಬೆರೆಸಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದು ಸಿದ್ಧವಾಗುತ್ತದೆ. ತೆಳುವಾದ ಕಡೆ ಬೆಳಕು ಹಾಯುತ್ತದೆ. ಬೆರಳಿನಿಂದ ಮೀಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ.

ಈ ಕಲೆಯ ತವರು ಚೀನಾದ ಜಿಂಗ್‌ಡೆಜೆನ್ ಪಟ್ಟಣ. ಜಪಾನಿನಲ್ಲಿ ಇದು ಆರಂಭವಾದುದು 17ನೆಯ ಶತಮಾನದ ಮೊದಲ ಭಾಗದಲ್ಲಿ, ಅರಿತಾ ಎಂಬ ಊರಿನಲ್ಲಿ. ಅಲ್ಲಿಯ ಸರಕು ಇಮಾರಿ ಬಂದರಿನಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ಇಮಾರಿ ಎಂದೇ ಹೆಸರಾಯಿತು. 1644ರಲ್ಲಿ ಮಿಂಗ್ ವಂಶ ಪತನಗೊಂಡು ಚೀನಾದ ರಫ್ತು ಕುಂಠಿತವಾದಾಗ ಡಚ್ ವರ್ತಕರು ಅರಿತಾದತ್ತ ತಿರುಗಿದರು.

ಹೊಸ ಸಂಗ್ರಾಹಕರು ಮೊದಲು ನೋಡುವುದು ಪಾತ್ರೆಯ ತಳದ ಮುದ್ರೆಯನ್ನು. ರಾಜವಂಶದ ಹೆಸರನ್ನೂ ಚಕ್ರವರ್ತಿಯ ಆಳ್ವಿಕೆಯನ್ನೂ ಸಾರುವ ಆರು ಚೀನೀ ಅಕ್ಷರಗಳು ಅಲ್ಲಿರುವುದುಂಟು. ಮೋಸಹೋಗುವುದೂ ಇಲ್ಲಿಯೇ. ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಕುಶಲಕರ್ಮಿಗಳು ತಮ್ಮ ಪಾತ್ರೆಗಳ ಮೇಲೆ ಅದಕ್ಕೂ ಎರಡು ಶತಮಾನ ಹಿಂದಿನ ಚೆಂಗ್‌ಹುವಾ ಕಾಲದ ಮುದ್ರೆಯನ್ನು ಬರೆಯುತ್ತಿದ್ದರು. ಪೂರ್ವಿಕರ ಕೌಶಲಕ್ಕೆ ಅದೊಂದು ಗೌರವವಾಗಿತ್ತು. ಅದೇ ಮುದ್ರೆಯನ್ನು ಅನಂತರದವರು ವಂಚನೆಗಾಗಿಯೂ ಬಳಸಿದರು. ಆದುದರಿಂದ ಮುದ್ರೆಯೊಂದೇ ವಯಸ್ಸಿಗೆ ಸಾಕ್ಷಿಯಾಗದು.

ಮೆರುಗು ಲೇಪವಿಲ್ಲದ ತಳದ ಅಂಚು ಹೆಚ್ಚು ನಿಜ ಹೇಳುತ್ತದೆ. ಶತಮಾನಗಳ ಬಳಕೆಯ ಸವೆತ ಒಂದೇ ಸಮನಾಗಿರುವುದಿಲ್ಲ. ಮರಳುಕಾಗದದಿಂದ ಉಜ್ಜಿದ ಗೀರುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿರುತ್ತವೆ. ದೇಶದ ಹೆಸರೂ ಒಂದು ಸುಳಿವು. 1891ರಲ್ಲಿ ಅಮೆರಿಕವು ಆಮದು ವಸ್ತುಗಳ ಮೇಲೆ ತಯಾರಿಕೆಯ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಇಂಗ್ಲಿಷಿನಲ್ಲಿ ‘ನಿಪ್ಪಾನ್’ ಎಂದಿರುವ ಪಾತ್ರೆಗಳು ಸಾಮಾನ್ಯವಾಗಿ 1891ರಿಂದ 1921ರೊಳಗಿನವು. ‘ಜಪಾನ್’ ಎಂದಿರುವವು ಹೆಚ್ಚಾಗಿ ಆ ಬಳಿಕದವು.

ಜಪಾನಿನ ಮರದಚ್ಚಿನ ಚಿತ್ರಗಳಿಗೂ ಇಂಥದೇ ಎಚ್ಚರ ಬೇಕು. ಹೊಕುಸಾಯ್ ಅವರ ಹೆಸರಾಂತ ‘ಮಹಾ ಅಲೆ’ (ಸುಮಾರು 1831), ಹಿರೋಶಿಗೆ ಅವರ ಟೋಕೈಡೊ ಹೆದ್ದಾರಿಯ ಚಿತ್ರಮಾಲೆ ಮೊದಲಾದವು ಒಬ್ಬರದೇ ಕೃತಿಗಳಲ್ಲ. ಚಿತ್ರಕಾರ ಬರೆದುದನ್ನು ಕೆತ್ತನೆಗಾರ ಚೆರ್ರಿ ಮರದ ಹಲಗೆಗಳಲ್ಲಿ ಕೊರೆಯುತ್ತಿದ್ದ, ಅಚ್ಚುಗಾರ ಒತ್ತುತ್ತಿದ್ದ, ಪ್ರಕಾಶಕ ಮಾರುತ್ತಿದ್ದ. ಹಲಗೆ ಸವೆದಂತೆ ಗೆರೆಗಳು ಮುರಿಯುವುದರಿಂದ ಮೊದಮೊದಲ ಪ್ರತಿಗಳಿಗೆ ಬೆಲೆ ಹೆಚ್ಚು. ಮುಂದೆ ಹೊಸದಾಗಿ ಹಲಗೆ ಕೆತ್ತಿ ತೆಗೆದ ಪ್ರತಿಗಳೂ ಬಹಳ. ಅವುಗಳ ಮೇಲೂ ಮೂಲ ಕಲಾವಿದನ ಅಂಕಿತವಿರುತ್ತದೆ. ಭೂತಗನ್ನಡಿಯಲ್ಲಿ ಚುಕ್ಕಿಗಳ ಜಾಲ ಕಂಡರೆ ಅದು ಯಂತ್ರಮುದ್ರಣ. ಮರದಚ್ಚಿನ ನಿಜ ಚಿತ್ರದಲ್ಲಿ ಬಣ್ಣ ಕಾಗದದೊಳಕ್ಕೆ ಇಳಿದು ಹಿಂಬದಿಯಲ್ಲಿಯೂ ತೋರುವುದುಂಟು. ಬಿಸಿಲು ಈ ಬಣ್ಣಗಳ ಶತ್ರು. ಕಿಟಕಿಯ ಎದುರು ಇವನ್ನು ತೂಗುಹಾಕಲಾಗದು.

ಕಾನೂನನ್ನೂ ನಾವು ಅರಿತಿರಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ತುಂಬಿದ ಕಲಾವಸ್ತು ಪುರಾತನ ವಸ್ತುವೆನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಜ್ಜಿಯ ಕಾಲದ ಹೂದಾನಿಯನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬಯಸುವವರು ಇದನ್ನು ಮರೆಯಬಾರದು.

ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸಿಕೊಳ್ಳುವುದು ಲೇಸು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಜಮಶೇಟ್‌ಜಿ ಟಾಟಾ ಅವರ ಪುತ್ರರಾದ ಸರ್ ದೊರಾಬ್ ಮತ್ತು ಸರ್ ರತನ್ ಅವರ ಸಂಗ್ರಹಗಳಿವೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿಯೂ ಚೀನಾ, ಜಪಾನುಗಳ ಪಿಂಗಾಣಿ ಹೇರಳವಾಗಿದೆ. ರಜೆಯ ದಿನ ಮಕ್ಕಳನ್ನು ಕರೆದೊಯ್ದು ನಿಜವಾದುದನ್ನು ಮತ್ತೆ ಮತ್ತೆ ನೋಡೋಣ. ನಿಜವನ್ನು ಕಂಡು ಪಳಗಿದ ಕಣ್ಣಿಗೆ ನಕಲು ತಾನಾಗಿಯೇ ಗೋಚರವಾಗುತ್ತದೆ.