‘ಸರ್ ಯಾವಾಗ ಬರ್ತಾರೆ?’

ಮುಂಬೈಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಲೆಕ್ಕಪರಿಶೋಧನೆಗೆಂದು ಯಾವ ಕಂಪನಿಯ ಬಾಗಿಲಿಗೆ ಹೋದರೂ ಅಲ್ಲಿ ಕೂತವರು ಮೊದಲು ನನ್ನನ್ನು ನೋಡುತ್ತಿದ್ದರು, ಆಮೇಲೆ ನನ್ನ ಬೆನ್ನ ಹಿಂದಿನ ಖಾಲಿ ಜಾಗವನ್ನು ನೋಡುತ್ತಿದ್ದರು. ‘ಸಿಎ ಸಾಹೇಬರು ಯಾವಾಗ ಬರ್ತಾರೆ?’ ಬಂದಿರುವುದು ನಾನೇ ಎಂದರೆ ಒಂದು ನಗು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಶಾಲೆಯ ನಾಟಕದಲ್ಲಿ ಮೀಸೆ ಅಂಟಿಸಿಕೊಂಡು ಬಂದ ಮಗುವನ್ನು ನೋಡಿ ನಗುತ್ತಾರಲ್ಲ, ಅಂಥದ್ದು.

ಆಗ ನನಗೆ 24. ಎತ್ತರ ಐದಡಿಗೆ ಒಂದಿಂಚು ಕಡಿಮೆ. ಸಾಗರದಿಂದ ಬಂದವಳು. ಕಾನೂನಿಗಂತೂ ನನ್ನ ವಯಸ್ಸಿನ ಬಗ್ಗೆ ತಕರಾರು ಇರಲಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ 21 ತುಂಬಿದ್ದರೆ ಸದಸ್ಯತ್ವಕ್ಕೆ ವಯಸ್ಸು ಅಡ್ಡಿಯಲ್ಲ. ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಲೂ 21 ಸಾಕು. 25 ಆದರೆ ಲೋಕಸಭೆಗೇ ನಿಲ್ಲಬಹುದು. ಆದರೆ ರಿಸೆಪ್ಷನ್ ಮೇಜಿನ ಕಾನೂನೇ ಬೇರೆ. ನನ್ನ ಜೊತೆ ಆರ್ಟಿಕಲ್‌ಶಿಪ್‌ಗೆ ಬಂದಿದ್ದ ಲಾತೂರಿನ ಹುಡುಗನಿಗೆ ಇನ್ನೂ 19. ಆದರೆ ಅವನು ನನಗಿಂತ ಒಂದಡಿ ಎತ್ತರ, ಜೊತೆಗೆ ಮೀಸೆ. ವಾಚ್‌ಮನ್ ಸಲಾಮು ಹೊಡೆಯುತ್ತಿದ್ದುದು ಅವನಿಗೆ. ಪಾಪ, ಅವನು ನಾಚಿಕೊಂಡು ನನ್ನ ಕಡೆ ಕೈ ತೋರಿಸುತ್ತಿದ್ದ.

ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡೆ. ‘ಸೀರೆ ಉಟ್ಕೊಂಡು ಹೋಗೇ, ದೊಡ್ಡೋಳ ಥರ ಕಾಣ್ತೀಯ’ ಅಂದಳು. ಡೊಂಬಿವ್ಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವರಿಗೆ ಗೊತ್ತು, ಲೇಡೀಸ್ ಡಬ್ಬಿಯಿಂದ ಇಳಿಯುವಾಗ ನೆರಿಗೆ ನೆರಿಗೆಯಾಗಿ ಉಳಿದಿರುವುದಿಲ್ಲ. ಆದರೂ ಉಟ್ಟೆ. ಫೋರ್ಟಿನ ಫುಟ್‌ಪಾತಿನಲ್ಲಿ ನಂಬರಿಲ್ಲದ ಒಂದು ದಪ್ಪ ಫ್ರೇಮಿನ ಕನ್ನಡಕ ಕೊಂಡೆ. ದನಿ ತಗ್ಗಿಸಿ ಮಾತಾಡುವುದನ್ನು ಕಲಿತೆ. ನಗುವುದನ್ನು ಕಡಿಮೆ ಮಾಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿದೆ. ದೊಡ್ಡವರು ಕೇಳುವುದಿಲ್ಲ, ಅವರಿಗೆ ಗೊತ್ತಿರುತ್ತದೆ ಎಂದು ಹೇಗೋ ನನ್ನ ತಲೆಯಲ್ಲಿ ಕೂತಿತ್ತು.

ಇದರಲ್ಲಿ ಒಂದಿಷ್ಟು ಫಲ ಕೊಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆಗೆ ಬ್ಯಾಂಕುಗಳಲ್ಲಿ ಬೇಗ ಕುರ್ಚಿ ಸಿಗುತ್ತಿತ್ತು. ಕುರ್ಚಿಯ ತನಕ ಸೀರೆಯ ಕೆಲಸ. ಕೂತ ಮೇಲೆ ಬಾಯಿ ತೆರೆಯಲೇಬೇಕು. ಅಲ್ಲಿ ಇನ್ನೊಂದು ತೊಡಕು ಕಾದಿರುತ್ತಿತ್ತು.

ಹೊರನಾಡಿನಲ್ಲಿ ಕೆಲಸ ಮಾಡುವ ನಮಗೆಲ್ಲ ಇದು ಗೊತ್ತಿರುವ ಸಂಗತಿ. ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಾತಾಡುವಾಗ ನಮ್ಮ ವಯಸ್ಸು ಐದಾರು ವರ್ಷ ಇಳಿದುಬಿಡುತ್ತದೆ. ಸಾಗರದಲ್ಲಿ ‘ಇದರ ಲೆಕ್ಕ ಯಾಕೋ ತಾಳೆ ಆಗ್ತಾ ಇಲ್ಲ, ಸ್ವಲ್ಪ ನೋಡ್ತೀರಾ’ ಎಂದು ಸಲೀಸಾಗಿ ಹೇಳಬಲ್ಲವಳು ಮುಂಬೈಯಲ್ಲಿ ‘ಯೇ... ಐಸಾ ಕ್ಯೂಂ ಹೈ?’ ಎನ್ನುತ್ತಿದ್ದೆ. ವಾಕ್ಯವೇ ಮಗುವಿನದಾದರೆ ಎದುರಿನವರು ‘ಬೇಟಾ’ ಅನ್ನದೆ ಇನ್ನೇನು ಅಂದಾರು?

ಅದರಲ್ಲೂ ಹಿಂದಿಯ ಅಂಕಿಗಳು. ಕನ್ನಡದಲ್ಲಿ ಎಪ್ಪತ್ತರ ಮುಂದೆ ಒಂಬತ್ತು ಸೇರಿಸಿದರೆ ಎಪ್ಪತ್ತೊಂಬತ್ತು. ಹಿಂದಿಯಲ್ಲಿ 79 ಎಂದರೆ ಉನಾಸಿ, ಅಂದರೆ ಎಂಬತ್ತಕ್ಕೆ ಒಂದು ಊನ. 49, 59, 69 ಎಲ್ಲವೂ ಹೀಗೆಯೇ, ಮುಂದಿನ ಹತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕ. ಸರಿ, ರೂಢಿಯಾಯಿತು ಅನ್ನುವಷ್ಟರಲ್ಲಿ 89 ಬರುತ್ತದೆ. ಅದು ಮಾತ್ರ ನವಾಸಿ, ಎಂಬತ್ತರ ಮೇಲೆ ಒಂಬತ್ತು. ಉನಾಸಿ, ನವಾಸಿ. ಫ್ಯಾನು ತಿರುಗುವ ಕೋಣೆಯಲ್ಲಿ ಕೂತು ಓದಿದರೆ ವ್ಯತ್ಯಾಸ ಸ್ಪಷ್ಟ. ನಾನು ಅದನ್ನು ಕೇಳಿದ್ದು ಭಿವಂಡಿಯ ಗೋದಾಮಿನಲ್ಲಿ, ಮಾರ್ಚ್ 31ರ ಸಂಜೆ.

ವರ್ಷಾಂತ್ಯದ ದಾಸ್ತಾನು ಎಣಿಕೆ. ಕಂಪನಿಯವರು ತಮ್ಮ ಸರಕು ಎಣಿಸುತ್ತಾರೆ, ಆಡಿಟರುಗಳು ಎದುರು ನಿಂತು ನೋಡುತ್ತಾರೆ, ಕೆಲವನ್ನು ತಾವೇ ಎಣಿಸಿ ತಾಳೆ ಹಾಕುತ್ತಾರೆ. ದಾಸ್ತಾನು ದೊಡ್ಡ ಮೊತ್ತದ್ದಾದರೆ ಆಡಿಟರು ಖುದ್ದು ಹೋಗಬೇಕೆಂದು ಲೆಕ್ಕಪರಿಶೋಧನಾ ಮಾನದಂಡ 501 ಹೇಳುತ್ತದೆ. ತಗಡಿನ ಮಾಡು, ಸೆಕೆ, ಹೊರಗೆ ಲಾರಿಗಳ ಹಾರ್ನು. ಒಳಗೆ ಹಲಗೆಗಳ ಮೇಲೆ ಒಂದರ ಮೇಲೊಂದು ನಿಂತ ನೀಲಿ ಡ್ರಮ್ಮುಗಳು. ಬೆವರಿಗೆ ನನ್ನ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು.

ಸ್ಟೋರು ನೋಡಿಕೊಳ್ಳುತ್ತಿದ್ದವರು ಅರವತ್ತರ ಹತ್ತಿರದ ಒಬ್ಬರು, ಎಲ್ಲರಿಗೂ ಕಾಕಾ. ನನ್ನನ್ನು ಕಂಡೊಡನೆ ‘ಬೇಟಾ, ಕಾಲೇಜಿನ ಪ್ರಾಜೆಕ್ಟಿಗೆ ಬಂದೆಯಾ?’ ಎಂದು ಕೇಳಿದರು. ಸುತ್ತ ನಿಂತಿದ್ದ ಹಮಾಲರು ನಕ್ಕರು. ನಾನು ನಗಲಿಲ್ಲ. ಪಟ್ಟಿ ತೆರೆದು ‘ಶುರು ಮಾಡಿ’ ಅಂದೆ. ಹುಡುಗನನ್ನು ಆ ಬದಿಯಿಂದ ಎಣಿಸಲು ಕಳಿಸಿದೆ. ಕಾಕಾ ಒಂದೊಂದು ಸಾಲಿನ ಒಟ್ಟು ಸಂಖ್ಯೆ ಕೂಗಿ ಹೇಳುತ್ತ ಹೋದರು. ಆಯ್ದ ಸಾಲುಗಳನ್ನಾದರೂ ನಾನೇ ಎಣಿಸಬೇಕಿತ್ತು. ಆದರೆ ಡ್ರಮ್ಮಿನಿಂದ ಡ್ರಮ್ಮಿಗೆ ಬೆರಳು ಮಾಡಿ ಒಂದು, ಎರಡು ಎಂದು ಎಣಿಸುತ್ತ ನಿಂತರೆ ಮತ್ತೆ ನಗುತ್ತಾರೆ ಎನಿಸಿತು.

ಮೂರನೇ ಸಾಲು ಒಂದು ದ್ರಾವಕದ್ದು. ಕಾಕಾ ಕೂಗಿದರು. ನನಗೆ ಕೇಳಿಸಿದ್ದು ಕೊನೆಯ ‘ಆಸಿ’ ಮಾತ್ರ. ಒಂದು ಕ್ಷಣ ಪೆನ್ನು ನಿಂತಿತು. ಕೈಯಲ್ಲಿದ್ದ ಕಂಪನಿಯ ಪಟ್ಟಿಯಲ್ಲಿ 89 ಎಂದಿತ್ತು. ಇನ್ನೊಮ್ಮೆ ಹೇಳಿ ಎಂದು ಕೇಳಬೇಕೆಂದು ಬಾಯಿ ತೆರೆದವಳು ಕೇಳಲಿಲ್ಲ. 89 ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ರಾತ್ರಿ ಥಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಚಹಾ ಹೇಳಿ ಇಬ್ಬರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟೆವು. ಹುಡುಗ ಪೆನ್ಸಿಲಿನಲ್ಲಿ ಎಣಿಸಿದ್ದ, ನಾಲ್ಕು ಉದ್ದ ಗೆರೆ, ಮೇಲೊಂದು ಅಡ್ಡ ಗೆರೆ. ಮೂರನೇ ಸಾಲಿನ ಎದುರು ಅಂಥ ಹದಿನೈದು ಕಟ್ಟು, ಬಿಡಿಯಾಗಿ ನಾಲ್ಕು. ಅಲ್ಲಿಗೆ 79. ನಾನು ನೋಡುತ್ತಿರುವಂತೆಯೇ ಅವನು ಜೇಬಿನಿಂದ ರಬ್ಬರು ತೆಗೆದ.

‘ಏನು ಮಾಡ್ತಾ ಇದೀಯ?’

‘ಮ್ಯಾಡಮ್, ನಂದು ತಪ್ಪಾಗಿದೆ. ನೀವು ಎಂಬತ್ತೊಂಬತ್ತು ಬರೆದಿದ್ದೀರಿ.’

ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಆಗಲೇ ಬರೆದುಕೊಂಡಿದ್ದಿರಿ, ಎಲ್ಲರೆದುರು ಕೇಳಿದರೆ ನಿಮಗೆ ಸಿಟ್ಟು ಬರುತ್ತದೇನೋ ಅಂದುಕೊಂಡೆ ಅಂದ. ಕಾಕಾ ಎದುರು ಚಿಕ್ಕವಳಾಗಿ ಕಾಣಬಾರದೆಂದು ನಾನು ಸುಮ್ಮನಿದ್ದೆ. ದೊಡ್ಡವಳಾಗಿ ಕಂಡ ನನ್ನೆದುರು ಅವನು ಸುಮ್ಮನಿದ್ದ. ಆ ರಬ್ಬರು ಒಂದು ನಿಮಿಷ ಮೊದಲು ಹೊರಬಂದಿದ್ದರೆ ಕಂಪನಿಯ ಪಟ್ಟಿ, ನನ್ನ ಹಾಳೆ, ಅವನ ಹಾಳೆ ಮೂರೂ ಚೆನ್ನಾಗಿ ತಾಳೆಯಾಗಿರುತ್ತಿದ್ದವು. ಮೂರೂ ತಪ್ಪಾಗಿರುತ್ತಿದ್ದವು.

ನಮ್ಮ ಹಿರಿಯ ಪಾಲುದಾರರಿಗೆ ಫೋನ್ ಮಾಡುವಾಗ ಕೈ ನಡುಗುತ್ತಿತ್ತು. ಅವರು ಬಯ್ಯಲಿಲ್ಲ. ‘ಬೆಳಿಗ್ಗೆ ಎಣಿಸಿ ಮುಗಿಯುವವರೆಗೆ ಸರಕು ಕದಲದಂತೆ ಕಂಪನಿಯವರಿಗೆ ಹೇಳ್ತೀನಿ. ನೀವು ಗೋದಾಮು ತೆರೆಯೋ ಹೊತ್ತಿಗೆ ಅಲ್ಲಿರಿ’ ಎಂದಷ್ಟೇ ಹೇಳಿದರು.

ಮರುದಿನ ನಮ್ಮನ್ನು ಕಂಡ ಕಾಕಾ ‘ಏನಿದು, ಏಪ್ರಿಲ್ ಫೂಲಾ?’ ಅಂದರು. ನಾನು ಕನ್ನಡಕ ತೆಗೆದು ಬ್ಯಾಗಿಗೆ ಹಾಕಿ, ನಡೆದದ್ದನ್ನು ಹಾಗೇ ಹೇಳಿದೆ. ನನಗೆ ಹಿಂದಿ ಅಂಕಿ ಸರಿಯಾಗಿ ಬರುವುದಿಲ್ಲ, ನಿನ್ನೆ ಕೇಳಲು ನಾಚಿಕೆಯಾಯಿತು ಎಂದೆ. ‘ಕೇಳಿದ್ದರೆ ಬೆರಳು ಮಡಿಚಿ ತೋರಿಸ್ತಿದ್ದೆನಲ್ಲ ಬೇಟಾ’ ಎಂದರು. ನಾನು ಬೆರಳು ಮಾಡಿ, ಕನ್ನಡದಲ್ಲೇ, ಗಟ್ಟಿಯಾಗಿ ಎಣಿಸಿದೆ. 79. ಕಾಕಾ ಹಿಂದಿನ ಸಂಜೆಯೂ ಸರಿಯಾಗಿಯೇ ಹೇಳಿದ್ದರು. ಉಳಿದ ಹತ್ತು ಡ್ರಮ್ಮು ಮಾರ್ಚ್ ಕೊನೆಯ ವಾರ ಕಂಪನಿಯ ಇನ್ನೊಂದು ಘಟಕಕ್ಕೆ ಹೋಗಿದ್ದವು. ಆ ಘಟಕದ ಪಟ್ಟಿಯಲ್ಲಿ ಏರಿದ್ದವು, ಈ ಗೋದಾಮಿನ ಪುಸ್ತಕದಿಂದ ಇಳಿದಿರಲಿಲ್ಲ. ಒಂದೇ ಸರಕು ಎರಡು ಕಡೆ ಲೆಕ್ಕದಲ್ಲಿತ್ತು.

ಡ್ರಮ್ಮಿಗೆ 200 ಕೆಜಿ, ಕೆಜಿಗೆ ಸುಮಾರು ₹150. ಹತ್ತು ಡ್ರಮ್ಮಿಗೆ ₹3 ಲಕ್ಷ. ಕಂಪನಿಯ ಗಾತ್ರಕ್ಕೆ ದೊಡ್ಡ ಮೊತ್ತವಲ್ಲ. ಆದರೆ ಬ್ಯಾಂಕು ಸಾಲ ಕೊಡುವುದು ಇದೇ ದಾಸ್ತಾನು ನೋಡಿ. ಶೇ 25ರ ಮಾರ್ಜಿನ್ ಕಳೆದರೂ ಇಲ್ಲದ ಸರಕಿನ ಮೇಲೆ ₹2.25 ಲಕ್ಷ ಸಾಲ ಪಡೆಯಲು ದಾರಿಯಾಗುತ್ತಿತ್ತು. ಹತ್ತರ ಬದಲು ನೂರು ಡ್ರಮ್ಮು ಆಗಿದ್ದರೂ ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆನಲ್ಲ ಎಂಬ ಯೋಚನೆ ಬಹಳ ದಿನ ಕಾಡಿತು.

ಆ ದಿನವೂ ಕಾಕಾ ನನ್ನನ್ನು ಬೇಟಾ ಎಂದೇ ಕರೆದರು. ಆದರೆ ನಾನು ಎಣಿಸಿ ಮುಗಿಸುವವರೆಗೆ ಒಂದು ಡ್ರಮ್ಮನ್ನೂ ಯಾರಿಗೂ ಮುಟ್ಟಲು ಬಿಡಲಿಲ್ಲ. ನಾನು ಎರಡು ವರ್ಷದಿಂದ ಬೇಡುತ್ತಿದ್ದ ಗೌರವ ಎಂದರೆ ಇದೇ ಎಂದು ಹೊಳೆದದ್ದು ಆಮೇಲೆ. ಬೇಟಾ ಎಂಬ ಮಾತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮತ್ತೆ ಕೇಳಿದರೆ ಚಿಕ್ಕವರಾಗುತ್ತೇವೆ ಎಂಬ ಭಯ ನನಗೊಬ್ಬಳಿಗೇ ಇದ್ದದ್ದಲ್ಲ. ಆದರೆ ತಪ್ಪಿದರೆ ಜೀವ ಹೋಗುವ ಕೆಲಸಗಳಲ್ಲಿ ಮತ್ತೆ ಕೇಳುವುದನ್ನೇ ನಿಯಮ ಮಾಡಿದ್ದಾರೆ. ವಿಮಾನ ಹಾರಿಸುವವರು ನಿಯಂತ್ರಣ ಕೊಠಡಿ ಕೊಟ್ಟ ಅನುಮತಿಯನ್ನು ತಮ್ಮ ಬಾಯಿಂದ ತಿರುಗಿ ಹೇಳಲೇಬೇಕು, ಇಪ್ಪತ್ತು ವರ್ಷದ ಅನುಭವವಿದ್ದರೂ. ರೇಡಿಯೊದಲ್ಲಿ ಒಂಬತ್ತನ್ನು ಅವರು ‘ನೈನ್’ ಎನ್ನದೆ ‘ನೈನರ್’ ಎನ್ನುತ್ತಾರೆ, ‘ಫೈವ್’ ಜೊತೆ ಬೆರೆಯದಿರಲೆಂದು. ಒಂಬತ್ತಿನ ಕಾಟ ಆಕಾಶದಲ್ಲೂ ಇದೆ! ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷಾ ಪಟ್ಟಿಯಲ್ಲಿ, ಕತ್ತಿ ಇಡುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂದಿದೆ. ಒಮ್ಮೆ ಬಾಯಿ ಬಿಟ್ಟ ಕಿರಿಯರು ಏನಾದರೂ ತಪ್ಪು ಕಂಡರೆ ಮತ್ತೆ ಬಾಯಿ ಬಿಡುವುದು ಸುಲಭ. ನನ್ನ ಲಾತೂರಿನ ಹುಡುಗನಿಗೆ ಅಂಥ ಒಂದು ಅವಕಾಶವನ್ನೂ ನಾನು ಕೊಟ್ಟಿರಲಿಲ್ಲ.

ನಮ್ಮ ಮನೆಗಳಲ್ಲಿ ತೂಗಿರುವ ವಿಶ್ವೇಶ್ವರಯ್ಯನವರ ಚಿತ್ರ ಪೇಟ ಧರಿಸಿದ ಹಿರಿಯರದು. ಆದರೆ ಪುಣೆಯಲ್ಲಿ ಓದಿ, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿ ನಾಸಿಕದಲ್ಲಿ ಕೆಲಸ ಶುರು ಮಾಡಿದಾಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಮೈಸೂರಿನ ದಿವಾನರಾದದ್ದು 1912ರಲ್ಲಿ. ಚಿತ್ರದಲ್ಲಿ ಕಾಣುವ ಗಾಂಭೀರ್ಯ ಅಷ್ಟು ವರ್ಷಗಳ ಕೆಲಸದ ಮೇಲೆ ಬಂದದ್ದು. ನಾವು ಪೇಟದಿಂದ ಶುರು ಮಾಡಲು ಹೊರಡುತ್ತೇವೆ.

ಆ ಏಪ್ರಿಲ್‌ನಿಂದ ನಾನು ಕೆಲವು ಅಭ್ಯಾಸ ಇಟ್ಟುಕೊಂಡಿದ್ದೇನೆ. ಬೇಕಾದ ದಾಖಲೆಗಳ ಪಟ್ಟಿಯನ್ನು ಎರಡು ದಿನ ಮೊದಲೇ ನನ್ನ ಹೆಸರಲ್ಲಿ ಕಳಿಸುತ್ತೇನೆ. ಬಾಗಿಲಿಗೆ ಹೋಗುವ ಮೊದಲೇ ಹೆಸರು ಹೋಗಿರುತ್ತದೆ. ಸಂಖ್ಯೆ ಯಾರೇ ಹೇಳಲಿ, ಬಿಡಿ ಬಿಡಿಯಾಗಿ ತಿರುಗಿ ಹೇಳಿ, ಬರೆದದ್ದನ್ನು ತೋರಿಸುತ್ತೇನೆ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ನಾಲ್ಕು ಗಂಟೆಗೆ ಹೇಳ್ತೀನಿ’ ಎನ್ನುತ್ತೇನೆ. ನಾಲ್ಕಕ್ಕೆ ಹೇಳುತ್ತೇನೆ. ಈ ಕೊನೆಯದಕ್ಕೆ ಸಿಕ್ಕಷ್ಟು ಮರ್ಯಾದೆ ಯಾವ ಸೀರೆಗೂ ಸಿಗಲಿಲ್ಲ. ಗೋದಾಮಿಗೆ ಹೋಗುವಾಗ ಸಲ್ವಾರ್ ಕಮೀಜ್, ಗಟ್ಟಿ ಶೂ. ಹತ್ತಿ ಇಳಿದು ಎಣಿಸಲು ಅದೇ ಸರಿ.

ಈಗ ನನ್ನ ಬೈತಲೆಯಲ್ಲಿ ನರೆ ಇದೆ, ಕನ್ನಡಕಕ್ಕೆ ನಿಜವಾದ ನಂಬರಿದೆ. ಸರ್ ಯಾವಾಗ ಬರ್ತಾರೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಕಳಿಸುವ ಹುಡುಗಿಯರನ್ನು ಕೇಳುತ್ತಾರೆ. ಹಾಗಾಗಿ ಹಿಂದಿನ ದಿನವೇ ಕಂಪನಿಗೆ ನಾನೇ ಫೋನ್ ಮಾಡುತ್ತೇನೆ. ನಾಳೆ ಬರುವವರು ಇಂಥವರು, ತಂಡದ ಮುಖ್ಯಸ್ಥೆ ಅವರೇ, ಕೇಳಿದ್ದನ್ನು ಅವರಿಗೇ ಕೊಡಿ ಎನ್ನುತ್ತೇನೆ. ಒಂದು ನಿಮಿಷದ ಕೆಲಸ. ಕಿರಿಯರಿಗೆ ದೊಡ್ಡವರಂತೆ ಕಾಣಲು ಹೇಳಿಕೊಡುವ ಬದಲು ಹಿರಿಯರಾದ ನಾವು ಇಷ್ಟು ಮಾಡಬಹುದು.

ಆಮೇಲೆ ಹುಡುಗಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ. ಯಾರು ನಕ್ಕರೂ ನಗಲಿ, ಒಂಬತ್ತು ಬಂದರೆ ಎರಡು ಸಲ ಕೇಳು.