ಲಗ್ನಪತ್ರಿಕೆಗೆ ಮೊದಲು ಲೆಕ್ಕಪತ್ರ: ಬ್ರಿಟನ್ನಿನ ಸ್ಪೌಸ್ ವೀಸಾ ಮತ್ತು ನಮ್ಮ ಆದಾಯ

ಬಿಸಿಬೇಳೆಬಾತ್, ಮೊಸರನ್ನ ಬಡಿಸಿ, ಅದರ ಬೆನ್ನಿಗೇ ಒಬ್ಬ ಲೆಕ್ಕಪರಿಶೋಧಕನನ್ನು ಮಾತಿಗೆ ನಿಲ್ಲಿಸಿದ ಸಂಘಟಕರ ಧೈರ್ಯ ದೊಡ್ಡದು. ನಿದ್ದೆ ಬಂದವರು ಸಂಕೋಚವಿಲ್ಲದೆ ತೂಕಡಿಸಬಹುದು. ಆದರೆ ಮನೆಯಲ್ಲಿ ಮದುವೆ ವಯಸ್ಸಿನ ಮಕ್ಕಳಿರುವವರು, ಊರಿನ ಕಡೆ ಹೆಣ್ಣೋ ಗಂಡೋ ನೋಡುತ್ತಿರುವವರು ಸ್ವಲ್ಪ ಹೊತ್ತು ಎಚ್ಚರವಾಗಿರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ವಲಸೆ ವಕೀಲನಲ್ಲ. ಈ ದೇಶದಲ್ಲಿ ನೋಂದಣಿಯಿಲ್ಲದೆ ವಲಸೆ ಸಲಹೆ ಕೊಡುವುದು ಅಪರಾಧ. ಅರ್ಜಿ ಹಾಕುವಾಗ ಸಾಲಿಸಿಟರನ್ನೋ ನೋಂದಾಯಿತ ಸಲಹೆಗಾರರನ್ನೋ ಕಾಣಿ. ನಾನು ಹೇಳುವುದು ನನ್ನ ಕಸುಬಿಗೆ ಸೇರಿದ ಭಾಗ: ಆದಾಯದ ಲೆಕ್ಕ. ನಾನು ನೋಡಿದ ಮಟ್ಟಿಗೆ ನಮ್ಮವರ ಅರ್ಜಿಗಳು ತೊಡಕಿಗೆ ಸಿಗುವುದು ಪ್ರೀತಿಯ ಪುರಾವೆಯಲ್ಲಿ ಅಲ್ಲ, ಈ ಲೆಕ್ಕದಲ್ಲಿ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ.

ನನ್ನ ಕಕ್ಷಿದಾರರಲ್ಲಿ ಒಬ್ಬ ನಮ್ಮ ಕನ್ನಡದ ಹುಡುಗ. ಬ್ರಿಟಿಷ್ ಪೌರ, ಐಟಿ ಕನ್ಸಲ್ಟೆಂಟ್, ಸ್ವಂತ ಲಿಮಿಟೆಡ್ ಕಂಪನಿ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಾನು ಅವನಿಗೆ ಕೊಟ್ಟಿದ್ದು ಈ ಊರಿನ ಎಲ್ಲ ಅಕೌಂಟೆಂಟರೂ ಕೊಡುವ ಸಲಹೆ: ತೆರಿಗೆ ಬೀಳದಷ್ಟೇ ಸಂಬಳ, ಅಂದರೆ 12,570 ಪೌಂಡ್, ಖರ್ಚಿಗೆ ಬೇಕಾದಷ್ಟು ಡಿವಿಡೆಂಡ್, ಉಳಿದ ಲಾಭ ಕಂಪನಿಯಲ್ಲೇ ಇರಲಿ. ಆ ವರ್ಷ ಡಿವಿಡೆಂಡ್ 14,000. ಒಟ್ಟು 26,570. ಕಂಪನಿಯ ಖಾತೆಯಲ್ಲಿ ಇನ್ನೂ ಅರವತ್ತು ಸಾವಿರದಷ್ಟು ತಣ್ಣಗೆ ಕುಳಿತಿತ್ತು. ಇಬ್ಬರಿಗೂ ಖುಷಿ.

2024ರ ಏಪ್ರಿಲ್ ಎರಡನೇ ವಾರ ಲಗ್ನಪತ್ರಿಕೆ ಹಿಡಿದುಕೊಂಡು ಬಂದ. ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಮದುವೆ. 'ಹುಡುಗಿಯ ವೀಸಾಕ್ಕೆ ಕಂಪನಿಯ ಲೆಕ್ಕ ಬೇಕಂತೆ ಅಣ್ಣಾ' ಅಂದ. ನನಗೆ ಎದೆ ಧಸಕ್ಕೆಂದಿತು. 2012ರ ಜುಲೈನಿಂದ 18,600 ಪೌಂಡ್ ಇದ್ದ ಕನಿಷ್ಠ ಆದಾಯದ ಮಿತಿ 2024ರ ಏಪ್ರಿಲ್ 11ರಿಂದ 29,000 ಆಗಿತ್ತು. ಕೊರತೆ 2,430. ಅವನ ಕಂಪನಿಯ ವರ್ಷ ಮುಗಿದು ಹತ್ತು ಹದಿನೈದು ದಿನ ಕಳೆದಿತ್ತು.

ಮಾರ್ಚ್ 31ರೊಳಗೆ 2,430 ಪೌಂಡ್ ಹೆಚ್ಚಿಗೆ ಡಿವಿಡೆಂಡ್ ತೆಗೆದಿದ್ದರೆ ಅವನಿಗೆ ಬೀಳುತ್ತಿದ್ದ ತೆರಿಗೆ ಶೇಕಡಾ 8.75ರಂತೆ ಸುಮಾರು 213 ಪೌಂಡ್. ಆ 213 ಪೌಂಡ್ ಉಳಿಸಿಕೊಟ್ಟ ಜಾಣ ನಾನು. ಮಿತಿ ಏರುತ್ತದೆ ಎಂದು ಸರ್ಕಾರ 2023ರ ಡಿಸೆಂಬರಿನಲ್ಲೇ ಹೇಳಿತ್ತು, ನಾನು ಓದಿಯೂ ಇದ್ದೆ. ಅವನ ನಿಶ್ಚಿತಾರ್ಥ ಜನವರಿಯಲ್ಲೇ ಆಗಿತ್ತು. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

'ಅಣ್ಣಾ, ಮಾರ್ಚ್ 30ರ ತಾರೀಕು ಹಾಕಿ ಒಂದು ಡಿವಿಡೆಂಡ್ ವೋಚರ್ ಬರೆದರೆ ಆಗಲ್ವಾ?' ಎಂದು ಕೇಳಿದ. ಮುಗ್ಧವಾಗಿಯೇ ಕೇಳಿದ, ಈ ಪ್ರಶ್ನೆ ನನಗೆ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ. ಆಗುವುದಿಲ್ಲ. ಡಿವಿಡೆಂಡ್ ಬಂದಿದ್ದು ಅವನ ಬ್ಯಾಂಕ್ ಖಾತೆಯಲ್ಲೂ ಕಾಣಬೇಕು, ಅದು ಒಂದು. ಅದಕ್ಕಿಂತ ದೊಡ್ಡದು, ವೀಸಾ ಅರ್ಜಿಯಲ್ಲಿ ವಂಚನೆ ಎಂದು ತೀರ್ಮಾನವಾದರೆ ಆ ಹುಡುಗಿಗೆ ಹತ್ತು ವರ್ಷ ಪ್ರವೇಶ ನಿರ್ಬಂಧ ಬೀಳಬಹುದು. ಹಿಂದೆ ಟಿಯರ್ 1 ವೀಸಾದಲ್ಲಿದ್ದ ಎಷ್ಟೋ ಮಂದಿ ಭಾರತೀಯರು ತೆರಿಗೆಗೆ ಒಂದು ಆದಾಯ, ವೀಸಾಕ್ಕೆ ಇನ್ನೊಂದು ಆದಾಯ ತೋರಿಸಿದರೆಂಬ ಆರೋಪದಲ್ಲಿ ಸಿಕ್ಕಿಕೊಂಡರು. ನಿಜವಾಗಿ ತಪ್ಪು ಮಾಡದವರೂ ಅದರಲ್ಲಿದ್ದರು. 2019ರ ಬಾಲಾಜಿಗಾರಿ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಅಪ್ರಾಮಾಣಿಕ ಎಂದು ತೀರ್ಮಾನಿಸುವ ಮೊದಲು ಉತ್ತರಿಸಲು ಅವಕಾಶ ಕೊಡಬೇಕು ಎಂದು ಹೇಳುವ ಹೊತ್ತಿಗೆ ಅವರ ಬದುಕಿನ ಕೆಲವು ವರ್ಷಗಳು ಹೋಗಿದ್ದವು.

ಈಗ ನಿಯಮಕ್ಕೆ ಬರೋಣ. ಇಲ್ಲಿಯ ಪೌರರು ಅಥವಾ ಶಾಶ್ವತ ವಾಸದ ಹಕ್ಕು ಇರುವವರು ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ತೆರಿಗೆ ಕಳೆಯುವ ಮುಂಚಿನ ಮೊತ್ತ. ಹೊಸ ಅರ್ಜಿಗಳಲ್ಲಿ ಮಕ್ಕಳಿಗೆಂದು ಹೆಚ್ಚುವರಿ ಮೊತ್ತ ಈಗ ಇಲ್ಲ. ಇದನ್ನು 38,700ಕ್ಕೆ ಏರಿಸುವ ಯೋಜನೆಯನ್ನು ಹೊಸ ಸರ್ಕಾರ ತಡೆಹಿಡಿಯಿತು. ವಲಸೆ ಸಲಹಾ ಸಮಿತಿ 2025ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ಈ ಭಾಷಣ ಬರೆಯುವ ಹೊತ್ತಿಗೆ ಅಂಕಿ 29,000ದಲ್ಲೇ ನಿಂತಿದೆ. ಪಿಐಪಿ, ಕೇರರ್ಸ್ ಅಲೋಯನ್ಸ್‌ನಂಥ ಕೆಲವು ಭತ್ಯೆ ಪಡೆಯುವವರಿಗೆ ಈ ಅಂಕಿ ಅನ್ವಯಿಸದು, ಅವರಿಗೆ ಬೇರೆ ಅಳತೆಯಿದೆ.

ಎಷ್ಟು ಎನ್ನುವುದಕ್ಕಿಂತ ಯಾವ ಬಗೆಯ ಆದಾಯ, ಯಾವ ಅವಧಿಯದು ಎನ್ನುವುದು ಮುಖ್ಯ. ಸಂಬಳದಾರರಿಗೆ ಸುಲಭ: ಒಂದೇ ಕಡೆ ಆರು ತಿಂಗಳು ಕೆಲಸ, ಆರು ತಿಂಗಳ ಪೇಸ್ಲಿಪ್, ಅದೇ ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್. ಆ ಆರು ತಿಂಗಳಲ್ಲಿ ಸಂಬಳದ ಮಟ್ಟ ಅತಿ ಕಡಿಮೆ ಇದ್ದದ್ದನ್ನು ಹಿಡಿದು ವರ್ಷಕ್ಕೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಹೋದ ತಿಂಗಳು ಬಡ್ತಿ ಸಿಕ್ಕಿತೆಂದು ಇಂದೇ ಅರ್ಜಿ ಹಾಕಬೇಡಿ.

ಸ್ವಂತ ವ್ಯವಹಾರದವರಿಗೆ ಏಪ್ರಿಲ್ 5ಕ್ಕೆ ಮುಗಿದ ಪೂರ್ತಿ ತೆರಿಗೆ ವರ್ಷ, ಇಲ್ಲವೇ ಕೊನೆಯ ಎರಡು ವರ್ಷಗಳ ಸರಾಸರಿ. ಎಣಿಸುವುದು ವಹಿವಾಟನ್ನಲ್ಲ, ಲಾಭವನ್ನು. ಕಾರು, ಫೋನು, ಮನೆಯ ಒಂದು ಕೋಣೆ ಎಲ್ಲವನ್ನೂ ಖರ್ಚಿಗೆ ಬರೆದು ಲಾಭ ಇಳಿಸಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಂಪನಿಯವರ ಕಥೆ ಇನ್ನೂ ಬಿಗಿ. ಷೇರುಗಳು ನಿಮ್ಮ ಅಥವಾ ನಿಮ್ಮ ಕುಟುಂಬದವರ ಕೈಯಲ್ಲಿದ್ದು, ಉಳಿದ ಷೇರುದಾರರು ಐದಕ್ಕಿಂತ ಕಡಿಮೆ ಇದ್ದರೆ, ಕಂಪನಿಯ ಕೊನೆಯ ಪೂರ್ತಿ ಹಣಕಾಸು ವರ್ಷದ ಲೆಕ್ಕವೇ ಬೇಕು: ಸಲ್ಲಿಸಿದ ಸಿಟಿ600, ಲೆಕ್ಕಪತ್ರ, ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಪಿ60, ಡಿವಿಡೆಂಡ್ ವೋಚರ್. ಕುಟುಂಬ ಅಂದರೆ ಇಲ್ಲಿ ಅಪ್ಪ ಅಮ್ಮ ಮಾತ್ರ ಅಲ್ಲ. ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಮಕ್ಕಳು ಎಲ್ಲರೂ ಬಂದರು. ನೀವು ನಿರ್ದೇಶಕರೇ ಆಗಿರಬೇಕಿಲ್ಲ. ಸೋದರಮಾವನ ರೆಸ್ಟೋರೆಂಟ್ ಕಂಪನಿಯಲ್ಲಿ ಬರೀ ಸಂಬಳಕ್ಕಿದ್ದರೂ ಇದೇ ನಿಯಮ, ಆರು ಪೇಸ್ಲಿಪ್ ಸಾಲದು. ವಿದೇಶದಲ್ಲಿ ನಂಟರೇ ನಂಟರಿಗೆ ಕೆಲಸ ಕೊಡುವ ನಮ್ಮಂಥ ಸಮುದಾಯಕ್ಕೆ ಇದು ನೆನಪಿರಬೇಕು.

ಆದಾಯ ಸಾಲದಿದ್ದರೆ ಉಳಿತಾಯದಿಂದ ತುಂಬಬಹುದು. ಸೂತ್ರ ಹೀಗೆ: ಕೊರತೆಯ ಎರಡೂವರೆ ಪಟ್ಟು, ಅದಕ್ಕೆ 16,000 ಸೇರಿಸಿ. 26,570 ಸಂಬಳವಿರುವ ನೌಕರನಿಗೆ 22,075 ಪೌಂಡ್ ಉಳಿತಾಯವಿದ್ದರೆ ಸಾಕು. ಆದಾಯವೇ ಇಲ್ಲದಿದ್ದರೆ 88,500 ಬೇಕು. ನಮ್ಮ ಹುಡುಗನಿಗೆ ಇದು ಒದಗಲಿಲ್ಲ, ಏಕೆಂದರೆ ಸ್ವಂತ ಕಂಪನಿಯ ಆದಾಯದ ಜೊತೆ ಉಳಿತಾಯ ಸೇರಿಸಲು ಅವಕಾಶವಿಲ್ಲ. ಅದೇ ಮೊತ್ತ ನೌಕರಿಯ ಸಂಬಳವಾಗಿದ್ದರೆ ದಾರಿಯಿತ್ತು. ನ್ಯಾಯವೇ ಎಂದು ಕೇಳಬೇಡಿ. ಸುಪ್ರೀಂ ಕೋರ್ಟು 2017ರಲ್ಲಿ ಈ ಮಿತಿಯನ್ನು ತತ್ವದಲ್ಲಿ ಎತ್ತಿಹಿಡಿದರೂ, ಮಕ್ಕಳ ಹಿತವನ್ನೂ ಇತರ ಆದಾಯ ಮೂಲಗಳನ್ನೂ ಸರಿಯಾಗಿ ಪರಿಗಣಿಸಿಲ್ಲವೆಂದು ಸರ್ಕಾರಕ್ಕೆ ಹೇಳಿತು. ಅಂದಿನಿಂದ ವಿಶೇಷ ಸಂದರ್ಭಗಳಿಗೆ ಒಂದು ಕಿಂಡಿಯಿದೆ, ಆದರೆ ಕಿಂಡಿಯನ್ನು ನಂಬಿ ಮುಹೂರ್ತ ಇಡಬೇಡಿ.

ಊರಿನ ಹಣದ ಬಗ್ಗೆ ಪ್ರಶ್ನೆಗಳು ಬಹಳ. ಬೆಂಗಳೂರಿನಲ್ಲಿ ವರ್ಷಕ್ಕೆ ಮೂವತ್ತು ಲಕ್ಷ ದುಡಿಯುವ ಹುಡುಗಿ ಅಲ್ಲಿಂದ ಅರ್ಜಿ ಹಾಕಿದರೆ ಅವಳ ಸಂಬಳ ಎಣಿಕೆಗಿಲ್ಲ. ಇದನ್ನು ಕೇಳಿ ಮಾವಂದಿರಿಗೆ ಸಿಟ್ಟು ಬಂದದ್ದನ್ನು ನೋಡಿದ್ದೇನೆ. ಆದರೆ ಅವಳ ಹೆಸರಿನ ಫ್ಲಾಟಿನ ಬಾಡಿಗೆ ಎಣಿಕೆಗಿದೆ, ಅವಳ ಉಳಿತಾಯವೂ ಇದೆ. ಉಳಿತಾಯ ಆರು ತಿಂಗಳು ಖಾತೆಯಲ್ಲಿ ಇರಬೇಕು, ಸಾಲದ ಹಣ ಆಗಬಾರದು, ಎಲ್ಲಿಂದ ಬಂತು ಎಂದು ಹೇಳಬೇಕು. ತಂದೆ ತಾಯಿ ಕೊಟ್ಟ ಉಡುಗೊರೆ ನಡೆಯುತ್ತದೆ. ಅದನ್ನು ಇಲ್ಲಿಗೇ ಕಳಿಸಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೆ ಕಳಿಸಿದರೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇಕಡಾ 20 ಟಿಸಿಎಸ್ ಹಿಡಿಯುತ್ತದೆ. ಆಮೇಲೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಅಷ್ಟು ದಿನ ಹಣ ಸಿಕ್ಕಿಕೊಳ್ಳುತ್ತದೆ. ಅಪ್ಪ ಮಗಳ ಹೆಸರಿನ ಭಾರತದ ಖಾತೆಗೇ ಹಾಕಿದರೆ ಈ ತಾಪತ್ರಯವಿಲ್ಲ. ತಂದೆಯಿಂದ ಮಗಳಿಗೆ ಬಂದ ಉಡುಗೊರೆಗೆ ಅಲ್ಲಿ ಆದಾಯ ತೆರಿಗೆಯೂ ಇಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಎ1 ಮಟ್ಟದ ಇಂಗ್ಲಿಷ್ ಪರೀಕ್ಷೆ, ಮಾನ್ಯತೆ ಪಡೆದ ಕ್ಲಿನಿಕ್ಕಿನಿಂದ ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ, ಇಕ್ಕಟ್ಟಿಲ್ಲದ ಮನೆ. ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ. ಛತ್ರದ ರಸೀದಿ, ಆಲ್ಬಂ ಅದರ ಬದಲಿಗೆ ಆಗುವುದಿಲ್ಲ. ಶುಲ್ಕ 2025ರ ಏಪ್ರಿಲ್‌ನಲ್ಲಿ 1,938 ಪೌಂಡ್ ಆಗಿತ್ತು, ಆರೋಗ್ಯ ಸರ್ಚಾರ್ಜ್ 3,105. ಸಿಗುವುದು ಮೂವತ್ಮೂರು ತಿಂಗಳ ವೀಸಾ, ಆಮೇಲೆ ಮೂವತ್ತು ತಿಂಗಳ ವಿಸ್ತರಣೆ. ಐದು ವರ್ಷ ಕಳೆದ ಮೇಲೆ ಶಾಶ್ವತ ವಾಸಕ್ಕೆ ಅರ್ಜಿ. ವಿಸ್ತರಣೆಗೂ ಆದಾಯ ತೋರಿಸಬೇಕು, ಆದರೆ ಆಗ ಇಲ್ಲಿ ದುಡಿಯುತ್ತಿರುವ ಸಂಗಾತಿಯ ಸಂಬಳವೂ ಸೇರುತ್ತದೆ.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ಗಾಬರಿಯಾಗಬೇಡಿ, ನಿಮಗೆ ಈ 29,000 ಅಲ್ಲ. ನಿಮ್ಮ ಸಂಗಾತಿ ಡಿಪೆಂಡೆಂಟ್ ಆಗಿ ಬರುತ್ತಾರೆ. 285 ಪೌಂಡ್ 28 ದಿನ ಖಾತೆಯಲ್ಲಿದ್ದರೆ ಸಾಕು, ಇಲ್ಲವೇ ಉದ್ಯೋಗದಾತರೇ ಖಾತರಿ ಕೊಡಬಹುದು. ಆದರೆ ಕೇರ್ ವರ್ಕರ್ ಆಗಿ ಹೊಸದಾಗಿ ಬಂದವರಿಗೆ 2024ರ ಮಾರ್ಚ್ 11ರಿಂದ ಆ ಬಾಗಿಲು ಮುಚ್ಚಿದೆ. 2025ರ ಜುಲೈ 22ರಿಂದ ಪದವಿ ಮಟ್ಟಕ್ಕಿಂತ ಕೆಳಗಿನ ಇನ್ನಷ್ಟು ಕೆಲಸಗಳಿಗೂ ಮುಚ್ಚಿತು.

ಆ ಹುಡುಗನ ಮದುವೆ ಮೇ ತಿಂಗಳಲ್ಲಿ ನಡೆಯಿತು, ನಾನೂ ಹೋಗಿದ್ದೆ. ಊಟ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾಗಿ ಹದಿನೈದು ದಿನಕ್ಕೆ ಅವನು ಒಬ್ಬನೇ ವಾಪಸು ಬಂದ. ಸಂಬಳ ಡಿವಿಡೆಂಡ್ ಸೇರಿ 30,000 ಆಗುವಂತೆ ಹೊಸ ವರ್ಷಕ್ಕೆ ಹೊಂದಿಸಿ, 2025ರ ಮಾರ್ಚ್ 31ರವರೆಗೆ ಕಾದೆವು. ಕಂಪನಿಗೆ ಲೆಕ್ಕ ಒಪ್ಪಿಸಲು ತಿಂಗಳುಗಟ್ಟಲೆ ಗಡುವು ಇರುತ್ತದೆ, ನಾನು ಮೂರು ವಾರದಲ್ಲಿ ಮುಗಿಸಿದೆ. ನಡುವೆ ಅವನ ತಾಯಿ ಫೋನ್ ಮಾಡಿ, 'ಏನಪ್ಪಾ, ನನ್ನ ಸೊಸೆ ಬರಬೇಕಾದ್ರೆ ನಿನ್ನ ಲೆಕ್ಕದ ವರ್ಷ ಮುಗೀಬೇಕಂತಾ?' ಎಂದು ಕೇಳಿದರು. ಹೌದಮ್ಮ ಎನ್ನುವುದು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಸೊಸೆ 2025ರ ಆಗಸ್ಟ್ ಕೊನೆಗೆ ಬಂದಳು. ಹದಿನೈದು ತಿಂಗಳು.

ಈಗ ನಮ್ಮ ಕಚೇರಿಯಿಂದ ಪ್ರತಿ ಜನವರಿಯಲ್ಲಿ ಕಂಪನಿ ನಡೆಸುವವರಿಗೆ ಕಳಿಸುವ ಪ್ರಶ್ನಾವಳಿಯಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: 'ನಿಮ್ಮ ಮನೆಯಲ್ಲಿ ಈ ವರ್ಷ ಯಾರದಾದರೂ ಮದುವೆಯ ಮಾತು ನಡೆಯುತ್ತಿದೆಯೇ?' ಅಕೌಂಟೆಂಟನಿಗೇಕೆ ಈ ಉಸಾಬರಿ ಎಂದು ಕೆಲವರು ನಗುತ್ತಾರೆ. ಹೋದ ಜನವರಿಯಲ್ಲಿ ಇಬ್ಬರು 'ಹೌದು' ಎಂದು ಬರೆದು ಕಳಿಸಿದರು. ಮಾರ್ಚ್ ಮುಗಿಯುವುದರೊಳಗೆ ಇಬ್ಬರ ಡಿವಿಡೆಂಡೂ ಸರಿಪಡಿಸಿದೆವು.

ಪ್ರಶ್ನೆಗಳಿದ್ದರೆ ಕೇಳಿ. ಕಾಫಿ ಬರಲು ಇನ್ನೂ ಸಮಯವಿದೆ.